ವಳಸಂಗದಲ್ಲಿ ಕದ್ದ ವಾಲ್‌ಟ್ಯೂಬ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೇ. ಅರವತ್ಮೂರು ವರ್ಷದ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ, ಸೈಕಲ್ಲಿಗೆ ಕೈ ಹಾಕಿದವನು ನಾನು. ದೆವ್ವ, ಪವಾಡ ಇವನ್ನೆಲ್ಲ ನಾನು ನಂಬಿದವನೇ ಅಲ್ಲ. ಯಾರಾದರೂ ದೆವ್ವದ ಕಥೆ ಹೇಳಿದರೆ ಮೊದಲು ಹೇಳಿದವರ ದನಿ, ಆಮೇಲೆ ದೆವ್ವದ ದನಿ ಅಣಕಿಸಿ ಕೂತವರನ್ನು ನಗಿಸುತ್ತಿದ್ದೆ. ಈಗ ಇದನ್ನು ಹೇಳಿದರೆ ಜನ ನನ್ನನ್ನೇ ಅಣಕಿಸುತ್ತಾರೆ. ಅಣಕಿಸಲಿ, ನ್ಯಾಯವೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸೊಲ್ಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಅಂಗಡಿಯನ್ನು ಮಕ್ಕಳ ಕೈಗೆ ಕೊಟ್ಟ ಮೇಲೆ ಕಾಕಾನಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಒಂದು ದಿನ ಹೋಟಗಿ, ಇನ್ನೊಂದು ದಿನ ಭಂಡಾರಕವಠೆ. ದಾರಿಯಲ್ಲಿ ಎಲ್ಲಿ ಬೀಳುತ್ತಾನೋ ಎಂದು ಅವನ ಹೆಂಡತಿ ಕಾಕುಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಅವಳು ಒಂದು ಕರಾರು ಹಾಕಿದಳು. ಅಕ್ಕಲಕೋಟೆಗೆ ಹೋಗಿ ಅದೇ ದಿನ ಸೈಕಲ್ ಮೇಲೆಯೇ ತಿರುಗಿ ಬಂದರೆ ತಾನಿನ್ನು ಬಾಯಿ ತೆರೆಯುವುದಿಲ್ಲ. ಬಸ್ಸು ಹತ್ತಿದರೆ ಮಾತ್ರ ಸೈಕಲ್ ಮಾರಿಬಿಡಬೇಕು. ಸಾಕ್ಷಿಗೆ ಜೊತೆಗೆ ಇನ್ನೊಂದು ಸೈಕಲ್ ಮೇಲೆ ನಾನು.

ನನಗಾಗ ಇಪ್ಪತ್ತೆರಡು. ಕುಂಭಾರಿ ದಾಟುವವರೆಗೆ ಕಾಕಾನ ಹಿಂದೆ ಹಿಂದೆ ಅವನ ಕೆಮ್ಮು, ಎಸ್‌ಟಿ ಬಸ್ಸಿನ ಕಂಡಕ್ಟರನ ‘ಚಲಾ, ಚಲಾ’ ಎಲ್ಲ ಅಣಕಿಸಿದೆ. ಆಮೇಲೆ ಎದುರುಗಾಳಿ ಶುರುವಾಯಿತು. ಅಣಕಿಸಲು ಉಸಿರೇ ಉಳಿಯಲಿಲ್ಲ. ಕಾಕಾ ತುಳಿಯುತ್ತಲೇ ತಿರುಗಿ ನೋಡಿ, “ತಮ್ಮಾ, ದನಿ ಯಾಕ ಬಂದ್ ಆತೋ? ಕಂಡಕ್ಟರ್ ನಡಬರಕ ಇಳದನೇನ?” ಎಂದು ಕೇಳಿದ.

ವಳಸಂಗದಲ್ಲಿ ಚಹಾಕ್ಕೆ ನಿಂತಾಗ ನನ್ನ ತೊಡೆಗಳು ಕಲ್ಲಾಗಿದ್ದವು. ಮುದುಕನ ಮುಂದೆ ನನಗಾಗದು ಎನ್ನಲು ನಾಚಿಕೆ. ಅವನ ಸೈಕಲ್ಲೇ ಕೆಟ್ಟರೆ ಇಬ್ಬರೂ ಬಸ್ಸು ಹತ್ತಬಹುದಲ್ಲ? ಅವನು ಒಳಗೆ ಕಪ್ಪಿನಿಂದ ಬಸಿಗೆ ಸುರಿದು ಚಹಾ ಆರಿಸುತ್ತಿದ್ದಾಗ ನಾನು ಹಿಂದಿನ ಗಾಲಿಯ ವಾಲ್ ಬಿಚ್ಚಿದೆ. ಗಾಳಿ ಸುಸ್ಸೆಂದು ಹೋಯಿತು. ವಾಲಿಗೆ ತೊಡಿಸಿದ್ದ ಪುಟ್ಟ ರಬ್ಬರ್ ನಳಿಗೆಯನ್ನು, ಅದೇ ವಾಲ್‌ಟ್ಯೂಬನ್ನು, ಎಳೆದು ಜೇಬಿಗೆ ಹಾಕಿಕೊಂಡು ಬರೀ ವಾಲನ್ನು ಮತ್ತೆ ಕೂಡಿಸಿದೆ. ಸೈಕಲ್ ಬಲ್ಲ ಯಾರನ್ನಾದರೂ ಕೇಳಿ, ಆ ರಬ್ಬರಿಲ್ಲದೆ ಗಾಳಿ ನಿಲ್ಲುವುದಿಲ್ಲ. ಕಾಕಾ ಸೈಕಲ್ ಕಳೆದುಕೊಳ್ಳುತ್ತಾನೆ ಎಂದು ಆಗಲೇ ಹೊಳೆದಿತ್ತು. ಆದರೆ ನನ್ನ ತೊಡೆಯ ನೋವು ಅದಕ್ಕಿಂತ ದೊಡ್ಡದಾಗಿ ಕಂಡಿತು.

ಕಾಕಾ ಬಂದು ಕುಸಿದ ಗಾಲಿ ನೋಡಿದ. ಸೈಕಲ್ಲಿಗೆ ಕಟ್ಟಿದ್ದ ಪಂಪು ತೆಗೆದು ಗಾಳಿ ಹೊಡೆದ. ನಾನು ಮುಖ ಸಪ್ಪಗೆ ಮಾಡಿ ಬಸ್ಸಿನ ದಾರಿ ನೋಡುತ್ತ ನಿಂತೆ. ಅವನು ಹೆಬ್ಬೆರಳಿನಿಂದ ಗಾಲಿ ಒತ್ತಿ, ಹತ್ತಿ, ಹೊರಟೇಬಿಟ್ಟ.

ನೂರು ಮಾರು ಹೋಗಿ ಇಳಿಯುತ್ತಾನೆ ಅಂದುಕೊಂಡೆ. ಇಳಿಯಲಿಲ್ಲ. ಅಕ್ಕಲಕೋಟೆಯವರೆಗೂ ನಾನು ನೋಡಿದ್ದು ಆ ಗಾಲಿಯೊಂದನ್ನೇ. ಅದು ಒಂದಿಷ್ಟೂ ಬಳುಕಲಿಲ್ಲ. ಎರಡು ಸಲ ಜೇಬು ಮುಟ್ಟಿಕೊಂಡೆ, ರಬ್ಬರ್ ಅಲ್ಲೇ ಇತ್ತು.

ಅಕ್ಕಲಕೋಟೆಯಲ್ಲಿ ತಡೆಯಲಾಗದೆ ಬಸ್ ಸ್ಟ್ಯಾಂಡಿನ ಹತ್ತಿರದ ಸೈಕಲ್ ಅಂಗಡಿಯಲ್ಲಿ ಕಾಕಾನ ಎದುರೇ ಎಲ್ಲ ಹೇಳಿ, ಅಂಗೈಯಲ್ಲಿ ರಬ್ಬರ್ ಹಿಡಿದು ತೋರಿಸಿದೆ. ಅಂಗಡಿಯವನು ನಕ್ಕ. “ವಳಸಂಗದಿಂದ ಹ್ಯಾಂಗ ಬಂದ್ರಿ ಮತ್ತ, ಸೈಕಲ್ ಹೆಗಲ ಮ್ಯಾಲ ಹೊತ್ಕೊಂಡೇನ?” ಎಂದ. ಗಾಲಿ ಒತ್ತಿ ನೋಡಿದ ಮೇಲೆ ನಗು ನಿಲ್ಲಿಸಿದ.

ಅಂದು ಸಂಜೆ ನಾವು ಸೈಕಲ್ ಮೇಲೆಯೇ ಸೊಲ್ಲಾಪುರ ಸೇರಿದೆವು. ಕಾಕು ಮಾತಿಗೆ ತಪ್ಪಲಿಲ್ಲ; ಮುಂದಿನ ವಾರವೇ ಕಾಕಾ ಮೈಂದರ್ಗಿಗೆ ಹೊರಟ. ಆದರೆ ನಾವು ಊರು ಸೇರಿದ ಮರುದಿನ ಬೆಳಿಗ್ಗೆ ನಾನು ನೋಡಿದಾಗ ಹಿಂದಿನ ಗಾಲಿ ನೆಲ ಹಿಡಿದಿತ್ತು. ಬಿಚ್ಚಿದೆ. ಒಳಗೆ ಬರೀ ವಾಲು, ರಬ್ಬರಿಲ್ಲ. ಅಷ್ಟು ದೂರ ಆ ಗಾಳಿಯನ್ನು ಏನು ಹಿಡಿದಿತ್ತು? ಇಂದಿಗೂ ನನಗೆ ತಿಳಿದಿಲ್ಲ.

ಅಕ್ಕಲಕೋಟೆಯಲ್ಲೇ ತಿಳಿಯಬಹುದಿತ್ತು. ಅಂಗಡಿಯವನು ಪರೀಕ್ಷೆ ಮಾಡಲು ವಾಲಿಗೆ ಕೈ ಹಾಕಿದ್ದ. ಕಾಕಾ ಆ ಕೈಯನ್ನು ಮೆಲ್ಲಗೆ ಸರಿಸಿ, ನನ್ನ ಕಡೆ ತಿರುಗಿ ಹೇಳಿದ:

“ರಬ್ಬರ್ ಇಲ್ಲಂತ ಗಾಳಿಗಿನ್ನಾ ಗೊತ್ತಾಗಿಲ್ಲ. ನಾವು ಸೊಲ್ಲಾಪುರ ಮುಟ್ಟೂತನಾ ನೀ ಅದಕ್ಕ ಹೇಳಬ್ಯಾಡ.”