ಹನುಮಂತಪ್ಪನವರ ಕಂಬಳಿ ಕಿಟಕಿ

ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡುತ್ತಿದ್ದ ಹನುಮಂತಪ್ಪನವರ ಕಿಟಕಿಗೆ ಪರದೆ ಇರಲಿಲ್ಲ. ಅದರ ಕೆಳಗಿನ ಅರ್ಧಕ್ಕೆ ಕರಿ ಕಂಬಳಿಯ ತುಂಡೊಂದನ್ನು ನಾಲ್ಕು ಮೊಳೆ ಹೊಡೆದು ಬಿಗಿದಿದ್ದರು. ಕುರಿ ಕಾಯುತ್ತಿದ್ದ ಅವರ ತಂದೆ ಹೊದ್ದು ಸವೆಸಿದ ಕಂಬಳಿ. ಗಾಜಿನ ನಳಿಗೆಯನ್ನು ಸ್ಪಿರಿಟ್ ದೀಪದ ಮೇಲೆ ಓರೆಯಾಗಿ ಹಿಡಿದು, ಮೇಲಿನ ಭಾಗವನ್ನಷ್ಟೇ ಕಾಯಿಸಿ, ಆ ಕಪ್ಪಿನೆದುರು ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎಳೆಯಷ್ಟು ಬಿಳುಪಿದ್ದರೂ ಅಲ್ಲಿ ಕಾಣುತ್ತಿತ್ತು.

"ಮೊಟ್ಟೆ ಲೋಳೆ ಕಾದ್ರೆ ಬೆಳ್ಳಗಾಗಲ್ವೇನಮ್ಮ? ಇದೂ ಹಂಗೇ. ಮೈಯಾಗಿರಬೇಕಾದ ಸತ್ವ ಸೋರಿದ್ರೆ, ಬೆಂಕಿಗೆ ಮಬ್ಬಾಗಿ ಕಾಣ್ತೈತೆ."

ಏನೂ ಕಾಣದಿದ್ದರೆ, "ತಿಳಿ ಐತೆ, ನಡೀರಿ ಮನೀಗೆ." ಬೆಂಚಿನ ಮೇಲಿನ ಬಸುರಿಯರೆಲ್ಲ ಕಾಯುತ್ತಿದ್ದದ್ದು ಆ ಮಾತಿಗೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನೂ ಕಾದೆ. ಏಳು ತಿಂಗಳಾಗಿತ್ತು. ಪಾದ ಊದಿ ಕಾಲುಂಗುರ ಬೆರಳನ್ನು ಕಚ್ಚುತ್ತಿತ್ತು. ಹೀಗೆಯೇ ಕಾಲು ಊದಿ, ಹೆರಿಗೆಯಲ್ಲಿ ಫಿಟ್ಸ್ ಬಂದು ತೀರಿಹೋದವಳು ನನ್ನಕ್ಕ. ಮನೆಯಲ್ಲಿ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು.

ಮೊದಲ ದಿನ ಬಾಟ್ಲಿಯನ್ನು ಕಸೂತಿ ಕರವಸ್ತ್ರದಲ್ಲಿ ಸುತ್ತಿ ಒಯ್ದಿದ್ದೆ.

"ಏನಮ್ಮ, ಸತ್ಯನಾರಾಯಣನ ಪ್ರಸಾದ ತಂದಂಗೆ ಮುಚ್ಕಂಡು ತಂದೀರಿ!"

ನಗಲು ಹೋದೆ, ಆಗಲಿಲ್ಲ. ನಳಿಗೆಯಲ್ಲಿ ಮಬ್ಬು ಎದ್ದಿತು. ಹುಳಿ ವಾಸನೆಯ ಆಮ್ಲ ಎರಡು ಹನಿ ಬಿಟ್ಟರು; ಬರೀ ಉಪ್ಪಿನಂಶದ ಮಬ್ಬಾದರೆ ಅದಕ್ಕೆ ಕರಗಬೇಕು, ಇದು ಕರಗಲಿಲ್ಲ. ಅವರು ಬಾಟ್ಲಿಯ ಕತ್ತನ್ನು ಉಗುರಿನಿಂದ ಕೆರೆದು, ಮೂಸಿ, ನನ್ನ ಜೊತೆ ಬಂದಿದ್ದ ನಮ್ಮತ್ತೆಯ ಕಡೆ ತಿರುಗಿದರು.

"ಇದ್ರಾಗೆ ಏನಿಟ್ಟಿದ್ರಿ ದೊಡ್ಡಮ್ಮ?"

"ಹಾಲು. ತೊಳ್ದೇ ಕೊಟ್ಟೀನಪ್ಪ."

"ಹಾಲಿನ ಸತ್ವಾನೂ ಹಿಂಗೇ ಮಬ್ಬಾಗ್ತೈತೆ. ನಿಮ್ಮ ಎಮ್ಮೇನ ಪರೀಕ್ಷೆ ಮಾಡಿದಂಗಾತು!"

ಬೇರೆ ಬಾಟ್ಲಿ ಕೊಟ್ಟರು. ಈ ಸಲ ತಿಳಿ. ದಾರಿಯುದ್ದಕ್ಕೂ ಅತ್ತೆ ನಕ್ಕರು, ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಹದಿನೈದು ದಿನಕ್ಕೆ ಬೆಳಿಗ್ಗೆ ಎದ್ದಾಗ ರೆಪ್ಪೆಗಳೂ ಊದಿದ್ದವು. ಹನುಮಂತಪ್ಪನವರು ನನ್ನ ಮುಖ ನೋಡಿ ಎಂದಿನ ತಮಾಷೆ ಮಾಡಲಿಲ್ಲ. ತಾವೇ ಕುದಿಸಿಟ್ಟಿದ್ದ ಬಾಟ್ಲಿ ಕೊಟ್ಟರು. ನಾನು ನಳಿಗೆಯನ್ನು ನೋಡದೆ, ಅವರ ಅಂಗಿಯ ಹರಿದ ಗುಂಡಿಕಾಜನ್ನೇ ನೋಡುತ್ತ ಕೂತೆ. ಹುಳಿ ಹನಿಯ ವಾಸನೆ ಬಂತು. "ತಿಳಿ ಐತೆ" ಎಂಬ ಮಾತು ಬರಲಿಲ್ಲ.

"ಬಾಟ್ಲಿಯೊಳಗೆ ಏನಾದ್ರೂ ಇತ್ತೇನೋ, ನೋಡ್ರಿ," ಎಂದೆ.

ಅವರು ಕಂಬಳಿಯಿಂದ ಕಣ್ಣು ತೆಗೆಯಲಿಲ್ಲ. "ಇವತ್ತು ಬಾಟ್ಲಿ ನಂದೇ, ತಾಯಿ."

ಡಾಕ್ಟರು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ದೀಪ ಆರಿಸದೆ ಎಂದೂ ಏಳದ ಮನುಷ್ಯ, ಅಂದು ಅದನ್ನು ಉರಿಯಲು ಬಿಟ್ಟೇ ಓಡಿ, ಹೊರಟಿದ್ದ ಬಸ್ಸಿಗೆ ಅಡ್ಡ ನಿಂತರು. ಮುಂದಿನ ಸೀಟು ಬಿಡಿಸಿ ನನ್ನನ್ನು ಕೂರಿಸಿ, ಡ್ರೈವರನಿಗೆ ಹೇಳಿದರು: "ಗುಂಡಿ ಬಂದ್ರೆ ನಿಧಾನಕ್ಕೆ ಹೊಡಿಯಪ್ಪ, ಎರಡು ಜೀವ ಅವೆ." ನನಗೆ ಹೇಳಿದ್ದು "ಹೋಗಿ ಬರ್ರಿ" ಅಷ್ಟೇ.

ಬಂದೆ, ಆರು ತಿಂಗಳ ಮೇಲೆ, ಮಗಳನ್ನು ಎತ್ತಿಕೊಂಡು. ಕಿಟಕಿ ತುಂಬ ಬಿಸಿಲು. ಚೌಕಟ್ಟಿನಲ್ಲಿ ನಾಲ್ಕು ಮೊಳೆ ಮಾತ್ರ. ಹನುಮಂತಪ್ಪನವರಿಗೆ ಹಿರಿಯೂರಿಗೆ ವರ್ಗವಾಗಿತ್ತಂತೆ, ಕಂಬಳಿ ಬಿಚ್ಚಿಕೊಂಡೇ ಹೋದರಂತೆ. ಆಮೇಲೆ ಅವರನ್ನು ನಾನು ನೋಡಲೇ ಇಲ್ಲ.

ಅವರ ಕುರ್ಚಿಯಲ್ಲಿದ್ದ ಹೊಸಬರು ತಲೆಯೆತ್ತದೆ ಕೇಳಿದರು: "ಬಾಟ್ಲಿ ತಂದೀರೇನ್ರಿ?"

"ಇಲ್ಲ," ಎಂದೆ. "ಮಗು ತಂದೀನಿ."