ಲೆಟರ್‌ಕೆನ್ನಿಯಿಂದ ಹೆಣ್ಣು ಕೇಳಿದ್ದು

ಡಬ್ಲಿನ್ ಹತ್ತಿರದ ಮೇನೂತ್ ಸ್ಟೇಷನ್ನಿನಲ್ಲಿ ಸ್ಲೈಗೋ ರೈಲು ಹತ್ತುವಾಗ ನನ್ನ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಒಂದು ಡಬ್ಬಿ ಚಿತ್ರಾನ್ನ, ಒಂದು ಹಸಿರು ರೇಷ್ಮೆ ಸೀರೆ ಇದ್ದವು. ಸೀರೆ ಉಟ್ಟು ಹೋಗುವಂಥ ಸಮಾರಂಭ ಆ ಜೂನ್ ತಿಂಗಳಲ್ಲಿ ಐರ್ಲೆಂಡಿನಲ್ಲಿ ಎಲ್ಲೂ ನಡೆಯುತ್ತಿರಲಿಲ್ಲ. ಕೊರೊನಾದ ಎರಡನೇ ವರ್ಷ; ಜಿಲ್ಲೆಯಿಂದ ಜಿಲ್ಲೆಗೆ ಓಡಾಡಬಹುದೆಂದು ಸರಕಾರ ಹೇಳಿ ತಿಂಗಳಾಗಿತ್ತು. ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗಿ ಕೂರಬಹುದೆಂದು ಹೇಳಿ ವಾರವಾಗಿತ್ತಷ್ಟೆ. ನಾನು ಹೊರಟದ್ದು ಹೆಣ್ಣು ಕೇಳಲು. ಹೆಣ್ಣು ಇದ್ದದ್ದು ಜಪಾನಿನ ಕೋಬೆಯಲ್ಲಿ, ಗಂಡಿನ ಮನೆ ಉಡುಪಿಯಲ್ಲಿ. ಕೇಳುವವಳು ಹೋಗುತ್ತಿದ್ದದ್ದು ಐರ್ಲೆಂಡಿನ ಬಡಗಣ ಮೂಲೆಯ ಲೆಟರ್‌ಕೆನ್ನಿಗೆ.

ವಿಷಯ ಇಷ್ಟೇ. ನನ್ನ ತಮ್ಮ ಪ್ರಶಾಂತ ಕೋಬೆಯಲ್ಲಿ ಇಡ್ಲಿ-ದೋಸೆ ಮಾಡುವ ಹೋಟೆಲೊಂದರ ಅಡುಗೆಯವನು. ಅಲ್ಲಿನ ಯುಕಾ ಎಂಬ ಹುಡುಗಿಯೂ ಅವನೂ ಒಪ್ಪಿಕೊಂಡಿದ್ದರು. ಇನ್ನೆರಡು ವರ್ಷಕ್ಕೆ ಉಡುಪಿಗೆ ಮರಳಿ ಸ್ವಂತ ಹೋಟೆಲು ಹಾಕುವುದು ಅವನ ಯೋಚನೆ. ಹುಡುಗಿಯ ಅಪ್ಪ, ಕ್ಷೌರದಂಗಡಿ ನಡೆಸುವವರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮೊದಲು ನಿನ್ನ ಮನೆಯವರು ಮಾತಾಡಲಿ ಎಂದರಂತೆ. ವಿಮಾನಗಳು ನಿಂತಿದ್ದವು, ಮಾತೆಲ್ಲ ವಿಡಿಯೊ ಕಾಲಿನಲ್ಲೇ ಆಗಬೇಕು. ಅಮ್ಮನಿಗೆ ಜಪಾನಿ ಬಾರದು. ಪ್ರಶಾಂತನೇ ಹೇಳಲಿ ಎಂದರೆ ಅಮ್ಮ ಸಿಟ್ಟಾದಳು: "ಹೆಣ್ಣು ಕೇಳ್ಲಿಕ್ಕೆ ಮದುಮಗನೇ ದುಭಾಷಿಯಾ? ನಾಲ್ಕು ಜನ ಕೇಳಿದ್ರೆ ನಗಾಡ್ತಾರೆ." ಅಪ್ಪ ಇಲ್ಲ. ಹಿರಿಯ ಅಕ್ಕ ನಾನು. ಅದೂ ಅಲ್ಲದೆ ನಾನು ಹಿಂದಿನ ಚಳಿಗಾಲದಿಂದ ಜಪಾನಿ ಕಲಿಯುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದವಳು. ಈಗ ಹಿಂದೆ ಸರಿಯುವ ಹಾಗಿರಲಿಲ್ಲ. ಕಲಿಸಿದ ಗುರು ಇದ್ದದ್ದು ಲೆಟರ್‌ಕೆನ್ನಿಯಲ್ಲಿ; ಅವರನ್ನು ಹತ್ತಿರ ಕೂರಿಸಿಕೊಂಡೇ ಮಾತಾಡುವುದೆಂದು ಹೊರಟೆ.

ಹೆದರಿಕೆ ಇತ್ತೇ ಎಂದರೆ ಇಲ್ಲ. ಉಡುಪಿಯಲ್ಲಿ ಬೆಳೆದವರು ಬೆಳಿಗ್ಗೆ ಮೀನಿನವಳ ಹತ್ತಿರ ತುಳು, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಹಿಂದಿ ಆಡಿಕೊಂಡೇ ದೊಡ್ಡವರಾಗುತ್ತಾರೆ. ನಮಗೆ ಇನ್ನೊಂದು ಭಾಷೆ ಎಂದರೆ ಇನ್ನೊಂದು ಅಂಗಡಿ. ಸ್ಟೇಷನ್ನಿಗೆ ಬಿಡಲು ಬಂದ ನನ್ನ ಗಂಡ ಸುಧೀರನಿಗೆ, ಅವನು ಮೈಸೂರಿನವನು, ಅಷ್ಟು ಧೈರ್ಯವಿರಲಿಲ್ಲ. "ಜಾಸ್ತಿ ಮಾತಾಡ್ಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು," ಎಂದ. ಏಳು ವರ್ಷದ ಮಗಳು ಅನ್ವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಡಬ್ಲಿನ್ ಅಂಚಿನ ಬ್ಲಾಂಚರ್ಡ್ಸ್‌ಟೌನಿನ ಇಂಗ್ಲಿಷು. "ಯು'ಲ್ ಬಿ ಗ್ರ್ಯಾಂಡ್, ಮ್ಯಾಮಿ," ಎಲ್ಲ ಚೆನ್ನಾಗೇ ಆಗುತ್ತದೆ ಎಂದು ಅವಳು ಬೆನ್ನು ತಟ್ಟಿದಳು.

ಡಬ್ಲಿನ್ನಿನಿಂದ ಲೆಟರ್‌ಕೆನ್ನಿಗೆ ನೇರ ಬಸ್ಸಿದೆ, ನಾಲ್ಕು ತಾಸಿನ ದಾರಿ. ಆದರೆ ಅದು ನಡುವೆ ಉತ್ತರ ಐರ್ಲೆಂಡನ್ನು ಹೊಕ್ಕು ಹೊರಬರುತ್ತದೆ. ರಸ್ತೆಯಲ್ಲಿ ಗೇಟಿಲ್ಲ, ಗಡಿಯೆಂದು ತಿಳಿಯುವುದೂ ಇಲ್ಲ. ಕಿಲೋಮೀಟರ್ ಇದ್ದ ಬೋರ್ಡಿನಲ್ಲಿ ಮೈಲಿ ಬರುತ್ತದೆ, ಅಷ್ಟೆ. ಆದರೂ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಬ್ರಿಟನ್ನಿನ ಬೇರೆ ವೀಸಾ ಬೇಕು. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರು ಲೆಟರ್‌ಕೆನ್ನಿ ಇರುವ ಡೊನೆಗಾಲ್ ಜಿಲ್ಲೆಗೆ ಹೊರಟರೂ ಮೊದಲು ಬರುವ ಬುದ್ಧಿಮಾತು ಇದೇ: ಸ್ಲೈಗೋ ಸುತ್ತಿ ಹೋಗಿ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ನಾನೂ ಪಶ್ಚಿಮಕ್ಕೆ ಹೋಗಿ ಅಲ್ಲಿಂದ ಉತ್ತರಕ್ಕೆ ತಿರುಗಿದೆ. ಹೊತ್ತು ಹೆಚ್ಚು ಹಿಡಿಯಿತು, ಮನಸ್ಸು ಹಗುರವಾಗಿತ್ತು.

ರೈಲಿನಲ್ಲಿ ಒಂದು ಬಿಟ್ಟು ಒಂದು ಸೀಟಿಗೆ ಇಲ್ಲಿ ಕೂರಬಾರದೆಂಬ ಚೀಟಿ ಅಂಟಿಸಿದ್ದರು. ಚಹಾದ ಗಾಡಿ ಬರಲಿಲ್ಲ. ಮಾಸ್ಕಿನೊಳಗೇ ತುಟಿಯಾಡಿಸುತ್ತ ಪಾಠ ಒಪ್ಪಿಸಿಕೊಂಡೆ: ನಮಸ್ಕಾರ, ನಾನು ಪ್ರಶಾಂತನ ಅಕ್ಕ, ನಮ್ಮ ಮನೆಯವರ ಪರವಾಗಿ ಬಂದಿದ್ದೇನೆ. ಎದುರು ಕೂತಿದ್ದ ಮುದುಕರು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಮೊಬೈಲಿನ ಶಬ್ದ ಕಡಿಮೆ ಮಾಡಿದರು. ಸ್ಲೈಗೋದಲ್ಲಿ ಹೊಳೆಯ ಪಕ್ಕದ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆ. ಹೋಟೆಲುಗಳ ಒಳಗೆ ಕೂರುವಂತಿರಲಿಲ್ಲ. ಕಿಟಕಿಯಲ್ಲಿ ಕೊಡುವ ಚಹಾ ಕೈಗೆ ಬರುವಷ್ಟರಲ್ಲಿ ಗಾಳಿಗೆ ಅರ್ಧ ಆರಿತ್ತು.

ಅಲ್ಲಿಂದ ಬಸ್ಸು. ಬಲಗಡೆಗೆ, ನೆತ್ತಿ ಮಣೆಯ ಹಾಗೆ ಚಪ್ಪಟೆಯಾದ ಗುಡ್ಡವೊಂದು ಬಹಳ ದೂರ ಜೊತೆಗೆ ಬಂತು. ಬುಂಡೋರನ್‌ನಲ್ಲಿ ಕಡಲು ಕಂಡಿತು. ಮಲ್ಪೆಯ ಕಡಲಿಗೂ ಇದಕ್ಕೂ ನೆಂಟಸ್ತಿಕೆ ಕಟ್ಟಲು ನೋಡಿದೆ, ಆಗಲಿಲ್ಲ. ಜೂನಿನಲ್ಲೂ ಜನ ರಬ್ಬರಿನ ಅಂಗಿ ತೊಟ್ಟು ನೀರಿಗಿಳಿಯುತ್ತಿದ್ದರು. ಡೊನೆಗಾಲ್ ಪಟ್ಟಣ ದಾಟಿದ ಮೇಲೆ ಎರಡು ಗುಡ್ಡಗಳ ಸಂದಿಯಲ್ಲಿ ಮಳೆ ಹಿಡಿಯಿತು, ಆಚೆ ದಾಟಿದ್ದೇ ಬಿಸಿಲು. ಸಂಜೆಗೆ ಲೆಟರ್‌ಕೆನ್ನಿ.

ಬಸ್ ಸ್ಟ್ಯಾಂಡಿನಲ್ಲಿ ಮಿಚಿಕೊ-ಸಾನ್ ಕಾಯುತ್ತಿದ್ದರು. ಸಾನ್ ಎಂಬುದು ನಮ್ಮ 'ಅವರೇ' ಇದ್ದ ಹಾಗೆ. ಎಪ್ಪತ್ತು ದಾಟಿದ ಹೆಂಗಸು. ಈಮನ್ ಎಂಬ ಡೊನೆಗಾಲ್ ಮನುಷ್ಯನ ಕೈ ಹಿಡಿದು ತರುಣಿಯಾಗಿದ್ದಾಗ ಇಲ್ಲಿಗೆ ಬಂದವರು. ಕೊರೊನಾ ಬರುವ ಹಿಂದಿನ ವರ್ಷ ಈಮನ್ ತೀರಿಕೊಂಡಿದ್ದರು. ಎಲ್ಲರೂ ಬಾಗಿಲು ಹಾಕಿಕೊಂಡು ಕೂತ ಆ ಚಳಿಗಾಲದಲ್ಲಿ, ಲೈಬ್ರರಿಯೊಂದು ನಡೆಸುತ್ತಿದ್ದ ಆನ್‌ಲೈನ್ ಹರಟೆಯಲ್ಲಿ ನನಗೆ ಅವರ ಪರಿಚಯ. ನಾನು ಈ ದೇಶಕ್ಕೆ ಬಂದು ಆರು ತಿಂಗಳಿಗೇ ಊರು ಮುಚ್ಚಿತ್ತು. ಪಕ್ಕದ ಮನೆಯವರ ಹೆಸರೂ ಗೊತ್ತಿರಲಿಲ್ಲ. ತಮ್ಮನ ಗುಟ್ಟು ಹೊರಬಿದ್ದದ್ದೂ ಅದೇ ಹೊತ್ತಿಗೆ. ಕಲಿಸುತ್ತೀರಾ ಎಂದು ಕೇಳಿದೆ, ಒಪ್ಪಿದರು. ಅವರ ಇಂಗ್ಲಿಷು ಅಪ್ಪಟ ಡೊನೆಗಾಲಿನದು, ಪ್ರತಿಯೊಂದೂ 'ವೀ', ಅಂದರೆ ಪುಟ್ಟದು: ವೀ ಕಪ್, ವೀ ವಾಕ್, ವೀ ಮಿಸ್ಟೇಕ್.

ಪುಸ್ತಕ ಅವರಿಗೆ ಆಗದು. ಫೋನನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಡು, ಏನು ಮಾಡುತ್ತೀಯೋ ಅದನ್ನೇ ಹೇಳು ಎನ್ನುತ್ತಿದ್ದರು. ಈರುಳ್ಳಿ ಹೆಚ್ಚುತ್ತ ಈರುಳ್ಳಿ ಹೆಚ್ಚುವ ಮಾತು, ಹಾಲು ಉಕ್ಕಿದರೆ ಹಾಲು ಉಕ್ಕಿದ ಮಾತು. ಹಾಗಾಗಿ ನನಗೆ ಬಂದದ್ದು ಅಡುಗೆಮನೆಯ ಜಪಾನಿ. ಬಿಸಿ, ಉಪ್ಪು, ಅಮ್ಮ, ಮಳೆ, ತಡವಾಯಿತು, ಬಾ, ತಿನ್ನು. ದೊಡ್ಡ ಮಾತು ಒಂದೂ ಇಲ್ಲ, ಆದರೆ ಈ ಸಣ್ಣ ಮಾತು ನಾಲಗೆಯ ಮೇಲೆ ಸಲೀಸು.

ನಮ್ಮಿಬ್ಬರಿಗೂ ಜಗಳವಾದದ್ದು ಒಂದೇ ವಿಷಯಕ್ಕೆ. ಜಪಾನಿನಲ್ಲಿ ಮನೆಯಿಂದ ಹೊರಡುವವರು 'ಇತ್ತೆಕಿಮಾಸ್' ಅನ್ನುತ್ತಾರೆ, ಅಂದರೆ ಹೋಗಿ ಬರುತ್ತೇನೆ. ಒಳಗಿದ್ದವರು 'ಇತ್ತೆರಶ್ಶಾಯ್' ಅನ್ನಬೇಕು, ಹೋಗಿ ಬಾ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು, ಇದು ನಮ್ಮದೇ ಅಲ್ಲವೇ ಎಂದು. ಅವತ್ತಿನಿಂದ ಪಾಠ ಮುಗಿಸುವಾಗಲೆಲ್ಲ ನಾನು ಇತ್ತೆಕಿಮಾಸ್ ಅನ್ನುವುದು, ಅವರು ಅಲ್ಲವೆಂದು ತಲೆಯಾಡಿಸುವುದು. ಅದು ನಿನ್ನ ಸ್ವಂತ ಮನೆಗೆ ಮಾತ್ರ, ಬೇರೆಯವರ ಮನೆಯಿಂದ ಹೊರಡುವಾಗ 'ಒಜಾಮಾ ಶಿಮಾಶಿತಾ', ಅಂದರೆ ತೊಂದರೆ ಕೊಟ್ಟೆ, ಎನ್ನಬೇಕು ಎಂದು ತಿದ್ದುತ್ತಿದ್ದರು. ನಮ್ಮಲ್ಲಿ ಪಕ್ಕದ ಮನೆಗೆ ಕರಿಬೇವು ಕೇಳಲು ಹೋದರೂ ಹೊರಡುವಾಗ ಬರ್ತೇನೆ ಅನ್ನುತ್ತೇವೆ ಎಂದು ನಾನು ವಾದಿಸುತ್ತಿದ್ದೆ. ಬೇರೆಲ್ಲದಕ್ಕೂ ನಗುತ್ತಿದ್ದ ಅವರು ಇದಕ್ಕೆ ಮಾತ್ರ ನಗುತ್ತಿರಲಿಲ್ಲ.

ಕಾರಣ ತಿಳಿದದ್ದು ಆ ಸಂಜೆ, ಚರ್ಚಿನ ಹಿಂದಿನ ಏರು ಹತ್ತಿ ಅವರ ಮನೆಗೆ ಹೋಗುವಾಗ. ಈಮನ್ ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ ಒಂದು ಜಪಾನಿ ಮಾತು, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳುವ ಇತ್ತೆಕಿಮಾಸ್. ಡೊನೆಗಾಲಿನ ರಾಗದಲ್ಲಿ, ಎಲ್ಲ ತಪ್ಪಾಗಿ. "ಅವನು ಹೋದ ಮೇಲೆ ಆ ಮನೆಯಿಂದ ಹೊರಡುವವಳು ನಾನೊಬ್ಬಳೇ. ನನಗೆ ನಾನೇ ಹೇಗೆ ಹೇಳಲಿ?" ಎಂದರು. ನಾನು ಅವರ ಕೈಚೀಲ ಇಸಿದುಕೊಂಡೆ.

ಮರುದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಲ್. ಕೋಬೆಯಲ್ಲಿ ಸಂಜೆ, ಉಡುಪಿಯಲ್ಲಿ ಮಧ್ಯಾಹ್ನ. ಮಿಚಿಕೊ-ಸಾನ್ ನನ್ನ ಸೀರೆಯ ನೆರಿಗೆ ಹಿಡಿದುಕೊಟ್ಟು, ಲ್ಯಾಪ್‌ಟಾಪಿನ ಹಿಂದೆ, ಪರದೆಯಲ್ಲಿ ಕಾಣದ ಜಾಗದಲ್ಲಿ ಕೂತರು. ನಾನು ತಪ್ಪಿದರೆ ಕೈಸನ್ನೆ ಮಾಡುವುದೆಂದು ಒಪ್ಪಂದ. ಪರದೆಯ ಒಂದು ಚೌಕದಲ್ಲಿ ಅಮ್ಮ, ಮುಂದೆ ಹೂವು, ಹಣ್ಣು, ತೆಂಗಿನಕಾಯಿಯ ತಟ್ಟೆ. ಇನ್ನೊಂದರಲ್ಲಿ ಯುಕಾಳ ಅಪ್ಪ, ಅಮ್ಮ, ನಡುವೆ ಯುಕಾ. ನಮ್ಮ ಪ್ರಶಾಂತ ತಪ್ಪು ಮಾಡಿದವನ ಹಾಗೆ ಅಂಚಿನಲ್ಲಿ. ನನ್ನ ಪರಿಚಯದ ಮಾತು ನೀರು ಕುಡಿದಷ್ಟು ಸುಲಭವಾಗಿ ಬಂತು. ನಿಮ್ಮ ಮಗಳನ್ನು ನಮ್ಮ ಮನೆಗೆ ಕೊಡಿ ಎಂದು ಕೇಳಿಯೂ ಕೇಳಿದೆ. ಲ್ಯಾಪ್‌ಟಾಪಿನ ಹಿಂದೆ ಮಿಚಿಕೊ-ಸಾನ್ ಹೆಬ್ಬೆರಳು ತೋರಿಸಿದರು.

ಆಮೇಲೆ ಯುಕಾಳ ಅಪ್ಪ ಪಾಠದಲ್ಲಿಲ್ಲದ ಪ್ರಶ್ನೆ ಕೇಳಿದರು. ಸಣ್ಣ ಮಾತೇ, ಪೂರ್ತಿ ಅರ್ಥವಾಯಿತು: ಅಷ್ಟು ದೂರ ಹೋದರೆ ನನ್ನ ಮಗಳು ತಿರುಗಿ ಬರುತ್ತಾಳಾ?

ಯಾವ ದೇಶವೂ ಇನ್ನೊಂದಕ್ಕೆ ಬಾಗಿಲು ತೆರೆಯದ ಕಾಲ ಅದು. ಅವರ ಹೆದರಿಕೆ ನನಗೆ ಗೊತ್ತಿತ್ತು. ನನ್ನ ಅಮ್ಮನ ಮುಖವನ್ನೇ ನಾನು ಎರಡು ವರ್ಷದಿಂದ ಪರದೆಯಲ್ಲಿ ಮಾತ್ರ ನೋಡುತ್ತಿದ್ದೆ. ಏನಂತೆ ಎಂದು ಅಮ್ಮ ಕೇಳಿದಳು, ಹೇಳಿದೆ.

"ಚೊಚ್ಚಲ ಹೆರಿಗೆಗೆ ತವರಿಗೇ ಕಳಿಸ್ತೇವೆ ಅಂತ ಹೇಳು. ನಮ್ಮ ಕ್ರಮವೇ ಅದು. ಹೇಳು ಮಾರಾಯ್ತಿ, ಯಾಕೆ ಸುಮ್ನೆ ಕೂತದ್ದು?"

ಹೇಳಿಬಿಟ್ಟೆ. ಮೊದಲ ಮಗು, ಅಮ್ಮನ ಮನೆಯಲ್ಲಿ, ಅಮ್ಮ ಬಿಸಿ ಊಟ ಹಾಕುತ್ತಾಳೆ. ಹೆಣ್ಣು ಕೊಡುವ ಮೊದಲೇ ಬಾಣಂತನದ ಮಾತು. ಮಿಚಿಕೊ-ಸಾನ್ ಕಣ್ಣು ಮುಚ್ಚಿಕೊಂಡರು, ಯುಕಾ ಕೆಂಪಾದಳು, ಪ್ರಶಾಂತ ಚಾಪೆ ನೋಡತೊಡಗಿದ. ಯುಕಾಳ ಅಮ್ಮ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಮ್ಮಲ್ಲೂ ಹೆರಿಗೆಗೆ ಮಗಳು ತವರಿಗೆ ಬರುವುದುಂಟು ಎಂದರು. ಅಪ್ಪ ನಗಲಿಲ್ಲ. ಯೋಚಿಸಿ ಹೇಳುತ್ತೇವೆ ಎಂದರು.

ಯೋಚಿಸಿ ಹೇಳುತ್ತೇವೆ ಎಂದರೆ ಜಪಾನಿನಲ್ಲಿ ಬೇಡವೆಂದೇ ಅರ್ಥ ಎಂದು ಮಿಚಿಕೊ-ಸಾನ್ ಹೇಳಿಕೊಟ್ಟಿದ್ದರು. ಕಲಿಸಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಹೆಣ್ಣಿನ ಕಡೆಯವರು ಆಮೇಲೆ ತಿಳಿಸ್ತೇವೆ ಅಂದರೆ ಆ ಸಂಬಂಧ ಮುಗಿದ ಹಾಗೇ. ತಮ್ಮನ ಮುಖ ನೋಡಲು ನನಗಾಗಲಿಲ್ಲ. ಇನ್ನು ಮರ್ಯಾದೆಯಿಂದ ಬೀಳ್ಕೊಳ್ಳುವುದಷ್ಟೇ ಉಳಿದಿತ್ತು. ಅದಕ್ಕೆಂದು ಕಲಿತ ಗೌರವದ ಮಾತು ಬಾಯಲ್ಲಿ ತಯಾರಿತ್ತು. ಅಷ್ಟರಲ್ಲಿ ಅಮ್ಮ, "ಹೋಗಿ ಬರ್ತೇವೆ ಅಂತ ಹೇಳು. ಹೋಗ್ತೇವೆ ಅಂತ ಮಾತ್ರ ಅನ್ಬೇಡ," ಎಂದಳು. ಅಮ್ಮನ ಮಾತಿಗೆ ನಾಲಗೆ ತಾನಾಗಿ ತಿರುಗಿತು. ಕೈ ಮುಗಿದು ಇತ್ತೆಕಿಮಾಸ್ ಎಂದೆ.

ಮಿಚಿಕೊ-ಸಾನ್ ಎರಡೂ ಕೈ ಅಲ್ಲಾಡಿಸಿದರು. ಯುಕಾಳ ಅಪ್ಪ ತಲೆಯೆತ್ತಿ, ಏನೆಂದಿರಿ ಎಂದು ಕೇಳಿದರು. ತಪ್ಪಾಯಿತು ಎನ್ನಬಹುದಿತ್ತು. ಆದರೆ ನನಗೆ ತಪ್ಪೆಂದು ಅನ್ನಿಸಲಿಲ್ಲ. ಅಡುಗೆಮನೆಯ ಮಾತುಗಳನ್ನೇ ಜೋಡಿಸಿ ಹೇಳಿದೆ: "ನಮ್ಮ ಮನೆಯಲ್ಲಿ ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ಯಾರ ಮನೆಯಿಂದ ಹೊರಟರೂ ಬರುತ್ತೇನೆ ಅನ್ನುತ್ತೇವೆ. ಹೇಳಿದ ಮೇಲೆ ಬರಬೇಕು. ಯುಕಾ ಕೂಡ ನಿಮಗೆ ಹಾಗೇ ಹೇಳುತ್ತಾಳೆ."

ಅವರು ಮಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮನೆಯ ಹುಡುಗಿಯನ್ನು ಅಂಗಡಿಗೆ ಕಳಿಸುವವರ ಹಾಗೆ, ಮೆಲ್ಲಗೆ ಒಂದೇ ಮಾತು ಹೇಳಿದರು. "ಇತ್ತೆರಶ್ಶಾಯ್."

ಏನಂದ್ರು ಎಂದು ಅಮ್ಮ ಕೇಳಿದಳು. ಹೋಗಿ ಬಾ ಅಂದ್ರು ಎಂದೆ. ಅಷ್ಟು ಸಾಕು ಎಂದು ಅವಳು ತಟ್ಟೆಯ ಮಲ್ಲಿಗೆಯನ್ನು ಯುಕಾಳ ಚೌಕದ ಮೇಲೆ ಇಟ್ಟಳು. ನನಗೆ ಅಳುವೇ ಬಂತು.

ಕಾಲ್ ಮುಗಿದ ಮೇಲೆ ಮಿಚಿಕೊ-ಸಾನ್ ಬೈಯುತ್ತಾರೆಂದುಕೊಂಡಿದ್ದೆ. ಅವರು ಅಡುಗೆಮನೆಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು. ಆಮೇಲೆ ಅನ್ನ, ಬೇಳೆಯ ಬದಲು ಹುದುಗಿಸಿದ ಸೋಯಾ ಕಾಳಿನ ಸಾರು, ಅದರ ಜೊತೆ ಬೆಣ್ಣೆ ಹಚ್ಚಿದ ಸ್ಕೋನ್ ಎಂಬ ಇಲ್ಲಿನ ಬನ್ನು ಬಡಿಸಿದರು. ತಿನ್ನುತ್ತಿದ್ದಾಗಲೇ ಪ್ರಶಾಂತನ ಮೆಸೇಜು ಬಂತು: ಯುಕಾಳ ಅಪ್ಪ ಒಪ್ಪಿದರು, ಶರತ್ಕಾಲದಲ್ಲಿ ಮದುವೆ, ನೀನು ಬಾಣಂತನದ ಮಾತು ಯಾಕೆ ತೆಗೆದೆ ಅಕ್ಕಾ. ಫೋನನ್ನು ಮಗುಚಿಟ್ಟು ಇನ್ನೊಂದು ಸ್ಕೋನ್ ತೆಗೆದುಕೊಂಡೆ.

ಮಧ್ಯಾಹ್ನದ ಬಸ್ಸಿಗೆ ಅವರೂ ಇಳಿದು ಬಂದರು. ಬಸ್ಸು ಆಗಲೇ ಬಂದು ನಿಂತಿತ್ತು. ಒಂದು ರಾತ್ರಿ ಅವರ ಮನೆಯಲ್ಲಿ ಉಂಡು ಮಲಗಿದ್ದೆ; ಇಲ್ಲಾದರೂ ಶಿಷ್ಯೆ ಸರಿಯಾಗಿರಲಿ ಎಂದು ಬೆನ್ನು ಬಾಗಿಸಿ, ಒಂದಕ್ಷರ ತಪ್ಪದೆ, ಒಜಾಮಾ ಶಿಮಾಶಿತಾ ಎಂದೆ.

ಅವರು ತಲೆಯಾಡಿಸಿದರು.

"ವೀ ಮಿಸ್ಟೇಕ್," ಎಂದರು. "ಅದು ಬೇರೆಯವರ ಮನೆಗೆ ಹೇಳುವ ಮಾತು."

ಡ್ರೈವರು ಕಾಯುತ್ತಿದ್ದ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಇತ್ತೆಕಿಮಾಸ್ ಎಂದೆ. ಮಾಸ್ಕು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಅವರು ನನಗೆ ಇತ್ತೆರಶ್ಶಾಯ್ ಎಂದರು. ಬಸ್ಸು ತಿರುವಿನಲ್ಲಿ ಹೊರಳಿದಾಗ ಹಿಂತಿರುಗಿ ನೋಡಿದೆ. ಅವರು ಇನ್ನೂ ಅಲ್ಲೇ ನಿಂತಿದ್ದರು. ಕ್ರಿಸ್‌ಮಸ್ಸಿಗೆ ಅನ್ವಿಯನ್ನೂ ಕರೆದುಕೊಂಡು, ಮತ್ತೆ ಸ್ಲೈಗೋ ಸುತ್ತಿ ಅಲ್ಲಿಗೆ ಹೋಗಬೇಕು. ಹೇಳಿದ ಮೇಲೆ ಬರಬೇಕು.