ಕಾರಿಸ್ಟೋಸ್ ಹಡಗಿನ ಬಡಗಿ

ಟ್ರಾಯ್ ನಗರದ ಮೇಲೆ ದಂಡೆತ್ತಿ ಹೋದ ಗ್ರೀಕರ ಹಡಗುಗಳಲ್ಲಿ ಒಂದು ಕಾರಿಸ್ಟೋಸ್ ಊರಿನದು. ಗೋರ್ಗೋಸ್ ಅದರ ಬಡಗಿ. ಎಡಗೈಯ ಎರಡು ಬೆರಳು ಚಿಕ್ಕಂದಿನಲ್ಲೇ ಬಾಚಿಗೆ ಹೋಗಿದ್ದರಿಂದ ಗುರಾಣಿ ಹಿಡಿಯಲು ಆಗುತ್ತಿರಲಿಲ್ಲ. ಹಡಗನ್ನೇ ನೋಡಿಕೊಂಡಿರು ಎಂದು ಒಡೆಯ ಅರಿಸ್ತೋನ್ ಅವನನ್ನು ಕರೆತಂದಿದ್ದ.

ಒಂದು ಬೇಸಿಗೆಯಲ್ಲಿ ಮುಗಿಯುತ್ತದೆಂದುಕೊಂಡ ಯುದ್ಧ ಹತ್ತು ವರ್ಷ ಎಳೆಯಿತು. ಮರಳಿನ ಮೇಲೆ ಎಳೆದಿಟ್ಟ ಹಡಗುಗಳು ಬಿಸಿಲಿಗೆ ಬಾಯಿ ಬಿಟ್ಟವು, ಹಗ್ಗಗಳು ಕೊಳೆತವು. ಗೋರ್ಗೋಸ್ ಮಾತ್ರ ಪ್ರತಿ ವಸಂತದಲ್ಲೂ ತನ್ನ ಹಡಗಿನ ಬಿರುಕುಗಳಿಗೆ ನಾರು ತುರುಕಿ, ರಾಳ ಕಾಯಿಸಿ ಬಳಿಯುತ್ತಿದ್ದ.

"ಏನಪ್ಪಾ, ಇವತ್ತೂ ಹೆಂಡ್ತಿಗೆ ಎಣ್ಣೆ ಹಚ್ತಿದ್ದೀಯಾ?" ಎಂದು ಈಟಿಗಾರ ಫಿಲಿನೋಸ್ ಕಿಚಾಯಿಸುತ್ತಿದ್ದ.

"ಹಚ್ತೀನಪ್ಪಾ. ನಿನ್ನ ಹೆಂಡ್ತಿ ಹತ್ರ ನಿನ್ನ ಕರ್ಕೊಂಡು ಹೋಗೋಳು ಇವಳೇ."

ಹತ್ತನೆಯ ವರ್ಷ ಪಾಳೆಯದಲ್ಲಿ ಶತ್ರುವನ್ನು ಮೋಸಗೊಳಿಸಲು, ಹೊಟ್ಟೆಯೊಳಗೆ ಯೋಧರು ಅಡಗಿಕೊಳ್ಳುವಂಥ ದೊಡ್ಡದೊಂದು ಮರದ ಕುದುರೆ ಕಟ್ಟಲು ಹೊರಟರು. ಎಲ್ಲ ಹಡಗುಗಳಿಂದಲೂ ಹಲಗೆ ಬರಬೇಕೆಂದು ಅಪ್ಪಣೆಯಾಯಿತು. ಅರಿಸ್ತೋನ್ ನಾಲ್ಕು ಆಳುಗಳೊಂದಿಗೆ ಕೊಡಲಿ ಹಿಡಿದು ಬಂದ.

"ಇಪ್ಪತ್ತು ಹಲಗೆ ಕೀಳಬೇಕು ಗೋರ್ಗೋಸ್."

"ಕೀಳಲ್ಲ ಒಡೆಯಾ."

"ಅಪ್ಪಣೆ ಮೀರಿದ್ರೆ ತಲೆ ಹೋಗುತ್ತೆ, ಗೊತ್ತಲ್ಲ?"

"ಹೋದ್ರೆ ನಂದೊಂದು ತಲೆ. ಹಲಗೆ ಕಿತ್ರೆ ನಾವೆಲ್ಲಾ ಇಲ್ಲೇ ಮಣ್ಣಾಗ್ತೀವಿ. ನಿಮಗೆ ಬೇಕಾಗಿರೋದು ಹಲಗೆ ತಾನೇ? ಮೂರು ದಿನ ಕೊಡಿ."

ಅರಿಸ್ತೋನ್ ಆಳುಗಳಿಗೆ ಕೊಡಲಿ ಇಳಿಸಲು ಹೇಳಿದ.

ಗೋರ್ಗೋಸ್ ಜೋಡಿ ಎತ್ತು ಹೊಡೆದುಕೊಂಡು ಹತ್ತಿರದ ಈಡಾ ಬೆಟ್ಟ ಹತ್ತಿದ. ಮರ ಕಡಿದ, ಸೀಳಿದ, ಬಾಚಿಯಿಂದ ನಯ ಮಾಡಿದ. ಮೂರನೆಯ ಸಂಜೆ ಇಪ್ಪತ್ತೆರಡು ಹಲಗೆಗಳನ್ನು ತಂದು ಒಡೆಯನ ಗುಡಾರದ ಮುಂದೆ ಇಳಿಸಿದಾಗ ಅವನ ಅಂಗೈಯಲ್ಲಿ ಚರ್ಮವೇ ಇರಲಿಲ್ಲ.

ಕುದುರೆಯನ್ನು ಟ್ರಾಯ್ ಜನ ಒಳಗೆಳೆದುಕೊಂಡ ರಾತ್ರಿಯೇ ನಗರ ಬಿತ್ತು. ಅದು ಉರಿದ ಹೊಗೆಯನ್ನು ಗೋರ್ಗೋಸ್ ಹಡಗಿನ ಮೇಲಿಂದಲೇ ನೋಡಿದ.

ಊರಿಗೆ ಮರಳುವಾಗ, ಇನ್ನೇನು ಮನೆ ಬಂತು ಎನ್ನುವಷ್ಟರಲ್ಲಿ, ಕಫೇರಿಯಸ್ ಭೂಶಿರದ ಬಳಿ ಬಿರುಗಾಳಿ ಎದ್ದಿತು. ಸುತ್ತಲಿನ ಹಡಗುಗಳು ಬಂಡೆಗಳಿಗೆ ಬಡಿದು ಒಂದೊಂದಾಗಿ ಒಡೆದವು. ಗೋರ್ಗೋಸ್ ಹಡಗಿನ ತಳದಲ್ಲಿ ಮಂಡಿಯೂರಿ ಹಲಗೆಗಳ ಸಂದುಗಳನ್ನು ಸವರಿ ನೋಡುತ್ತಿದ್ದ.

"ನೀರು ಬರ್ತಿದೆಯೇನೋ?" ಎಂದು ಅರಿಸ್ತೋನ್ ಕೂಗಿದ.

"ಮೇಲಿಂದ ಬರ್ತಿದೆ ಒಡೆಯಾ, ಕೆಳಗಿಂದ ಒಂದು ಹನಿ ಇಲ್ಲ."

ಗಾಳಿ ಇಳಿದ ಮೇಲೆ ಅವರು ಸಮುದ್ರದಲ್ಲಿ ತೇಲುತ್ತಿದ್ದ ಹನ್ನೊಂದು ಮಂದಿಯನ್ನೂ ಎತ್ತಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಕಾರಿಸ್ಟೋಸ್ ದಡ ಮುಟ್ಟಿದರು.

ಜನ ಒಡೆಯನನ್ನು ಹೊತ್ತುಕೊಳ್ಳಲು ನೀರಿಗೇ ನುಗ್ಗಿದರು. ಅವನು ಅವರನ್ನು ತಡೆದು, ಗೋರ್ಗೋಸ್‌ನ ಕೈ ಹಿಡಿದು ಮೊದಲು ಇಳಿಸಿದ. ಆ ಸಂಜೆ ಸಮುದ್ರದೇವ ಪೊಸೈಡನ್‌ಗೆ ಹೋರಿ ಬಲಿಕೊಟ್ಟರು. ವೀರರಿಗೆಂದೇ ಮೀಸಲಾದ ಬೆನ್ನಿನ ಮಾಂಸವನ್ನು ಫಿಲಿನೋಸ್ ತಾನೇ ತಂದು ಬಡಗಿಯ ಮುಂದಿಟ್ಟ.

"ತಿನ್ನೋ ಮಾರಾಯಾ. ನಾನು ಆಡಿದ್ದೆಲ್ಲಾ ಮರ್ತುಬಿಡು."

"ಮರೆಯೋದ್ಯಾಕೆ? ನಂಗೂ ನಗು ಬರ್ತಿತ್ತು."

ಪಕ್ಕದಲ್ಲಿ ಕುಳಿತಿದ್ದ ಗೋರ್ಗೋಸ್‌ನ ಹೆಂಡತಿ ಮಿರ್ತೊ ಅವನ ಒಡಕು ಅಂಗೈಗಳಿಗೆ ಆಲಿವ್ ಎಣ್ಣೆ ಸವರುತ್ತಿದ್ದಳು. ಅವಳ ಕೂದಲು ಅರ್ಧ ನೆರೆತಿತ್ತು.

ಆಮೇಲೆ ಗೋರ್ಗೋಸ್ ಒಂಬತ್ತು ಹಡಗು ಕಟ್ಟಿದ. ಬಂದರಿನಲ್ಲಿ ಎದೆ ಸೆಟೆಸಿಕೊಂಡೇ ನಡೆಯುತ್ತಿದ್ದ. ಊರಲ್ಲಿ ಯಾರೂ ಅದಕ್ಕೆ ಕೊಂಕು ನುಡಿಯಲಿಲ್ಲ.